ಡೂಮ್ ಆಟ, ಅದರೊಳಗಿನ ಎಂಜಿನ್

ಸಂಜೆ ಅರಳಿಕಟ್ಟೆಯ ಮೇಲೆ ನಾಲ್ಕು ಹುಡುಗರು ತಲೆ ಬಗ್ಗಿಸಿ ಫೋನ್ ಹಿಡಿದು ಕೂತಿದ್ದಾರೆ ಅಂದರೆ ಅವರು ಆಡುತ್ತಿರುವುದು ಬಹುಶಃ ಫ್ರೀ ಫೈರ್ ಮ್ಯಾಕ್ಸ್, ಇಲ್ಲವೇ ಬಿಜಿಎಂಐ. ಹುಡುಗರು ಓದು ಬಿಟ್ಟರು, ಡೇಟಾ ಖಾಲಿ ಮಾಡಿದರು, ಅಪ್ಪನ ಫೋನ್‌ಪೇಯಿಂದ ದುಡ್ಡು ಕಳೆದರು ಎಂಬ ಸುದ್ದಿಗಳನ್ನು ನಾವೂ ಬರೆದಿದ್ದೇವೆ, ನೀವೂ ಓದಿದ್ದೀರಿ. ಈ ಬರಹ ಅದರ ಬಗ್ಗೆ ಅಲ್ಲ. ಆ ಪರದೆಯ ಮೇಲೆ ಕಾಣುವ ಗುಡ್ಡ, ಹುಲ್ಲು, ಜೀಪು, ಬಂದೂಕಿನ ಸದ್ದು ಇವನ್ನೆಲ್ಲ ಮಾಡುವುದು ಯಾರು, ಹೇಗೆ ಎಂಬುದರ ಬಗ್ಗೆ.

ಫ್ರೀ ಫೈರ್ ಮಾಡಿದ ಕಂಪನಿ ಬೇರೆ, ಅದರ ಒಳಗೆ ಓಡುತ್ತಿರುವ ಎಂಜಿನ್‌ನ ಕಂಪನಿ ಬೇರೆ. ಆ ಎಂಜಿನ್ ಹೆಸರು ಯೂನಿಟಿ. ಬಿಜಿಎಂಐ ಒಳಗಿರುವುದು ಅನ್‌ರಿಯಲ್ ಎಂಬ ಇನ್ನೊಂದು ಎಂಜಿನ್. ಅದೂ ಹೊರಗಿನದೇ.

ಎಂಜಿನ್ ಅಂದರೆ ಏನು? ಟ್ರ್ಯಾಕ್ಟರ್ ನೆನಪಿಸಿಕೊಳ್ಳಿ. ಹಿಂದೆ ರೋಟವೇಟರ್ ಕಟ್ಟಿದರೆ ಹೊಲ ಹದವಾಗುತ್ತದೆ, ಟ್ರೈಲರ್ ಕಟ್ಟಿದರೆ ಕಬ್ಬು ಹೋಗುತ್ತದೆ, ಒಕ್ಕಣೆ ಯಂತ್ರ ಕಟ್ಟಿದರೆ ರಾಗಿ ಒಕ್ಕುತ್ತದೆ. ಟ್ರ್ಯಾಕ್ಟರ್ ಒಂದೇ. ಆಟದಲ್ಲೂ ಹಾಗೆ. ಚಿತ್ರ ಬಿಡಿಸುವುದು, ಸದ್ದು ಹೊರಡಿಸುವುದು, ಗೋಡೆಗೆ ಡಿಕ್ಕಿ ಹೊಡೆದರೆ ನಿಲ್ಲಿಸುವುದು, ದೂರದ ಇನ್ನೊಬ್ಬ ಆಟಗಾರನ ಜೊತೆ ನೆಟ್‌ವರ್ಕ್ ಮೂಲಕ ಜೋಡಿಸುವುದು, ಇವೆಲ್ಲ ಎಂಜಿನ್ ಕೆಲಸ. ಕಥೆ, ನಕ್ಷೆ, ಪಾತ್ರ, ಬಂದೂಕು ಇವು ಹಿಂದೆ ಕಟ್ಟುವ ಸಲಕರಣೆ.

ಮೊದಲು ಹೀಗಿರಲಿಲ್ಲ. ಎಂಬತ್ತರ ದಶಕದಲ್ಲಿ ಹೆಚ್ಚಿನ ಆಟಗಳನ್ನು ಮೊದಲ ಸಾಲಿನಿಂದ ಹೊಸದಾಗಿ ಬರೆಯುತ್ತಿದ್ದರು. ಒಂದು ಆಟ ಮುಗಿದರೆ ಅದರ ಕೋಡ್ ಬಹುಮಟ್ಟಿಗೆ ಮೂಲೆಗೆ. ಟ್ರ್ಯಾಕ್ಟರನ್ನೂ ಸಲಕರಣೆಯನ್ನೂ ಬೇರೆ ಮಾಡಿ ಮಾರಬಹುದು ಅಂತ ಜಗತ್ತಿಗೆ ತೋರಿಸಿದವರಲ್ಲಿ ಮುಖ್ಯರು ಅಮೆರಿಕದ ಐಡಿ ಸಾಫ್ಟ್‌ವೇರ್ ಎಂಬ ಚಿಕ್ಕ ಸ್ಟುಡಿಯೋದವರು.

ದಕ್ಷಿಣ ಅಮೆರಿಕ ಖಂಡದ ಮಾತಲ್ಲ, ಯುಎಸ್‌ಎ ದೇಶದ ದಕ್ಷಿಣದ ರಾಜ್ಯ ಲೂಸಿಯಾನಾ. ಅಲ್ಲಿ ಶ್ರೀವ್‌ಪೋರ್ಟ್ ಅಂತ ಒಂದು ಊರು. ಅಲ್ಲಿ ಸಾಫ್ಟ್‌ಡಿಸ್ಕ್ ಎಂಬ ಕಂಪನಿ ವಿಚಿತ್ರವಾದ ಪತ್ರಿಕೆ ನಡೆಸುತ್ತಿತ್ತು. ಕಾಗದದ ಬದಲು ಫ್ಲಾಪಿ ಡಿಸ್ಕ್. ಚಂದಾ ಕಟ್ಟಿದವರಿಗೆ ಪ್ರತಿ ತಿಂಗಳು ಅಂಚೆಯಲ್ಲಿ ಒಂದು ಡಿಸ್ಕ್ ಬರುತ್ತಿತ್ತು, ಅದರಲ್ಲಿ ಆಟಗಳು, ಸಣ್ಣಪುಟ್ಟ ಉಪಯೋಗದ ಪ್ರೋಗ್ರಾಂಗಳು. ಪತ್ರಿಕೆ ಅಂದಮೇಲೆ ಗಡುವು ಇದ್ದೇ ಇರುತ್ತದೆ. ಡೆಡ್‌ಲೈನ್ ಒಳಗೆ ಆಟ ಮುಗಿಸುವ ಅಭ್ಯಾಸ ಈ ಹುಡುಗರಿಗೆ ಬಂದದ್ದು ಅಲ್ಲಿ ಅಂತ ನನಗೆ ಅನಿಸುತ್ತದೆ. ಪತ್ರಿಕೆ ಕೆಲಸ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

1990ರಲ್ಲಿ ಅಲ್ಲಿದ್ದ ನಾಲ್ವರನ್ನು ಗುರುತಿಟ್ಟುಕೊಳ್ಳಿ. ಜಾನ್ ಕಾರ್ಮ್ಯಾಕ್, ಆಗಷ್ಟೇ 20 ತುಂಬಿದವನು, ಕಾಲೇಜು ಅರ್ಧಕ್ಕೆ ಬಿಟ್ಟವನು, ಕೋಡ್ ಬರೆಯುವುದೇ ಜೀವ. ಜಾನ್ ರೊಮೇರೊ, 22 ವರ್ಷ, ಅವನೂ ಕೋಡ್ ಬರೆಯುವವನು, ಜೊತೆಗೆ ಆಟ ಹೇಗಿದ್ದರೆ ಮಜಾ ಎಂಬುದನ್ನು ಬಲ್ಲವನು. ಟಾಮ್ ಹಾಲ್, ಕಥೆ ಕಟ್ಟುವವನು. ಏಡ್ರಿಯನ್ ಕಾರ್ಮ್ಯಾಕ್, ಚಿತ್ರ ಬರೆಯುವವನು. ಇಬ್ಬರು ಕಾರ್ಮ್ಯಾಕ್‌ಗಳಿಗೂ ನೆಂಟಸ್ತಿಕೆ ಇಲ್ಲ, ಹೆಸರು ಒಂದೇ ಅಷ್ಟೆ.

ಆಗ ಮಾರಿಯೋ ಆಟ ಟಿವಿಗೆ ಜೋಡಿಸುವ ನಿಂಟೆಂಡೊ ಯಂತ್ರದಲ್ಲಿ ನುಣ್ಣಗೆ ಓಡುತ್ತಿತ್ತು. ಮಾರಿಯೋ ಬಲಕ್ಕೆ ಓಡಿದರೆ ಹಿಂದಿನ ಬಯಲು, ಮೋಡ ಎಲ್ಲ ಎಡಕ್ಕೆ ಸರಿಯುತ್ತವೆ. ಕಚೇರಿ ಲೆಕ್ಕಕ್ಕೆಂದು ಮಾಡಿದ ಪಿಸಿಯಲ್ಲಿ ಇದು ಆಗುತ್ತಿರಲಿಲ್ಲ. ಪ್ರತಿ ಹೆಜ್ಜೆಗೂ ಇಡೀ ಪರದೆಯನ್ನು ಹೊಸದಾಗಿ ಬಿಡಿಸುವಷ್ಟು ಶಕ್ತಿ ಅದಕ್ಕಿರಲಿಲ್ಲ. ಚಿತ್ರ ಕುಂಟುತ್ತಿತ್ತು.

ಕಾರ್ಮ್ಯಾಕ್ ಕಂಡುಕೊಂಡ ದಾರಿ ಸರಳ. ಪರದೆಯನ್ನು ಹೆಂಚಿನಂಥ ಸಣ್ಣ ಚೌಕಗಳಾಗಿ ಭಾಗ ಮಾಡಿದ. ಪಿಸಿಯ ಗ್ರಾಫಿಕ್ಸ್ ಕಾರ್ಡಿಗೆ ಇಡೀ ಚಿತ್ರವನ್ನು ಒಂದಿಷ್ಟು ಪಕ್ಕಕ್ಕೆ ಜರುಗಿಸುವ ಸೌಲಭ್ಯ ಮೊದಲೇ ಇತ್ತು. ಜರುಗಿಸಿದ ಮೇಲೆ ಯಾವ ಚೌಕ ಬದಲಾಗಿದೆಯೋ ಅದನ್ನು ಮಾತ್ರ ಮತ್ತೆ ಬಿಡಿಸಿದ. ಆಕಾಶ ಎಲ್ಲ ಕಡೆ ನೀಲಿಯೇ. ನೀಲಿ ಚೌಕದ ಜಾಗಕ್ಕೆ ಇನ್ನೊಂದು ನೀಲಿ ಚೌಕ ಬಂದರೆ ಬಿಡಿಸುವ ಅಗತ್ಯವೇ ಇಲ್ಲ. ಎಷ್ಟು ಕೆಲಸ ಉಳಿಯಿತು ನೋಡಿ. ಮಾಡಬೇಕಿಲ್ಲದ ಕೆಲಸ ಯಾವುದು ಅಂತ ಹುಡುಕಿ ಅದನ್ನು ಬಿಡುವುದು, ಮುಂದಿನ ಹತ್ತು ವರ್ಷ ಅವನು ಬರೆದ ಪ್ರತಿ ಎಂಜಿನ್‌ನಲ್ಲೂ ಇದೇ ಜಾಣತನ ಕಾಣುತ್ತದೆ.

1990ರ ಸೆಪ್ಟೆಂಬರ್‌ನ ಒಂದು ರಾತ್ರಿ ಅವನು ಮತ್ತು ಹಾಲ್ ಕೂತು, ಮಾರಿಯೋ 3ನೇ ಆಟದ ಮೊದಲ ಹಂತವನ್ನು ಹಾಗೇ ಪಿಸಿಯಲ್ಲಿ ನಕಲು ಮಾಡಿದರು. ಮಾರಿಯೋ ಜಾಗದಲ್ಲಿ ರೊಮೇರೊನ ಹಳೆಯ ಆಟದ ನಾಯಕ ಡೇವ್. ಫ್ಲಾಪಿಯನ್ನು ರೊಮೇರೊನ ಮೇಜಿನ ಮೇಲೆ ಇಟ್ಟು ಮನೆಗೆ ಹೋದರು. ಬೆಳಿಗ್ಗೆ ಅದನ್ನು ನೋಡಿದ ರೊಮೇರೊಗೆ ಈ ಕಂಪನಿಯಲ್ಲಿ ಇನ್ನು ಹೆಚ್ಚು ದಿನ ಇರುವುದಿಲ್ಲ ಅಂತ ಖಾತ್ರಿಯಾಯಿತು. ನಿಂಟೆಂಡೊಗೆ ಮಾದರಿ ಕಳಿಸಿದರು. ನಮ್ಮ ಆಟ ನಮ್ಮ ಯಂತ್ರದಲ್ಲೇ ಇರಲಿ ಎಂದು ಅವರು ಬೇಡ ಅಂದರು.

ಇನ್ನೊಂದು ಕಡೆಯಿಂದ ಬಾಗಿಲು ತೆರೆಯಿತು. ರೊಮೇರೊಗೆ ಅಭಿಮಾನಿಗಳ ಪತ್ರಗಳು ಬರುತ್ತಿದ್ದವು. ಬೇರೆ ಬೇರೆ ಹೆಸರು, ಆದರೆ ವಿಳಾಸ ಎಲ್ಲದರಲ್ಲೂ ಒಂದೇ! ಬರೆಯುತ್ತಿದ್ದವನು ಟೆಕ್ಸಾಸ್‌ನ ಅಪೊಜಿ ಕಂಪನಿಯ ಸ್ಕಾಟ್ ಮಿಲ್ಲರ್. ಕಂಪನಿಯವರು ಪತ್ರ ಒಡೆದು ನೋಡಿದರೂ ಗುಟ್ಟು ತಿಳಿಯದಿರಲಿ ಅಂತ ಆ ಉಪಾಯ. ಅವನ ವ್ಯಾಪಾರದ ಕ್ರಮ ಹೀಗೆ: ಆಟದ ಮೊದಲ ಭಾಗ ಪುಕ್ಕಟೆ, ಯಾರು ಬೇಕಾದರೂ ನಕಲು ಮಾಡಿ ಹಂಚಲಿ, ರುಚಿ ಹತ್ತಿದವರು ದುಡ್ಡು ಕಳಿಸಿ ಉಳಿದ ಭಾಗ ತರಿಸಿಕೊಳ್ಳಲಿ. ಇದಕ್ಕೆ ಶೇರ್‌ವೇರ್ ಅಂತ ಹೆಸರು. ಮಿಲ್ಲರ್ 2000 ಡಾಲರ್ ಮುಂಗಡ ಕಳಿಸಿದ.

ನಾಲ್ವರೂ ಹಗಲು ನೌಕರಿ ಮಾಡಿ, ರಾತ್ರಿ ಮತ್ತು ವಾರಾಂತ್ಯದಲ್ಲಿ ತಮ್ಮ ಆಟ ಕಟ್ಟಿದರು. ಯಂತ್ರ ಎಲ್ಲಿಂದ ಬಂತು? ಶುಕ್ರವಾರ ಸಂಜೆ ಕಚೇರಿಯ ಕಂಪ್ಯೂಟರ್‌ಗಳನ್ನೇ ಕಾರಿಗೆ ತುಂಬಿಕೊಂಡು ಮನೆಗೆ ಒಯ್ಯುತ್ತಿದ್ದರು, ಸೋಮವಾರ ಬೆಳಿಗ್ಗೆ ವಾಪಸ್ ಇಡುತ್ತಿದ್ದರು. 1990ರ ಡಿಸೆಂಬರ್ 14ರಂದು ಕಮಾಂಡರ್ ಕೀನ್ ಎಂಬ ಆಟ ಹೊರಬಂತು. ಎಂಟು ವರ್ಷದ ಹುಡುಗ ಅಡುಗೆಮನೆ ಸಾಮಾನಿನಿಂದ ರಾಕೆಟ್ ಮಾಡಿಕೊಂಡು ಮಂಗಳ ಗ್ರಹಕ್ಕೆ ಹೋಗುವ ಕಥೆ, ಟಾಮ್ ಹಾಲ್‌ನದು. ಮೊದಲ ತಿಂಗಳ ಚೆಕ್ಕೇ ಹತ್ತು ಸಾವಿರ ಡಾಲರ್ ದಾಟಿತ್ತು. 1991ರ ಫೆಬ್ರುವರಿ 1ರಂದು ಐಡಿ ಸಾಫ್ಟ್‌ವೇರ್ ಹುಟ್ಟಿತು.

ಕಚೇರಿಯ ಕಂಪ್ಯೂಟರ್ ಬಳಸಿದ್ದು ಸಾಫ್ಟ್‌ಡಿಸ್ಕ್‌ಗೆ ಗೊತ್ತಾಗದೆ ಇರುತ್ತದೆಯೇ? ಕೊನೆಗೆ ರಾಜಿಯಾಯಿತು. ಕೆಲಸ ಬಿಟ್ಟರೂ ಎರಡು ತಿಂಗಳಿಗೊಂದು ಆಟವನ್ನು ಹಳೆಯ ಕಂಪನಿಗೆ ಮಾಡಿಕೊಡಬೇಕು. ಕೇಳಿದರೆ ಜೀತದ ಹಾಗಿದೆ. ಆದರೆ ಈ ಬಾಕಿ ಕೆಲಸವನ್ನೇ ಕಾರ್ಮ್ಯಾಕ್ ಪ್ರಯೋಗಶಾಲೆ ಮಾಡಿಕೊಂಡ. ಹೋವರ್‌ಟ್ಯಾಂಕ್ ಎಂಬ ಆಟದಲ್ಲಿ ಆಟಗಾರನ ಕಣ್ಣಿನಿಂದಲೇ ಜಗತ್ತು ಕಾಣುವಂತೆ ಮಾಡಿದ, ಗೋಡೆಗಳಿಗೆ ಬರೀ ಬಣ್ಣ. ಅದೇ ವರ್ಷದ ಕ್ಯಾಟಕೂಂಬ್ 3ಡಿಯಲ್ಲಿ ಗೋಡೆಗೆ ಕಲ್ಲಿನ ಚಿತ್ರ ಅಂಟಿಸಿದ. ಸಾಫ್ಟ್‌ಡಿಸ್ಕ್ ಚಂದಾದಾರರು ತಮಗೆ ಗೊತ್ತಿಲ್ಲದೆಯೇ ಮುಂದಿನ ದೊಡ್ಡ ಎಂಜಿನ್‌ನ ಪರೀಕ್ಷೆ ಮಾಡಿಕೊಟ್ಟರು.

ಆ ದೊಡ್ಡದು 1992ರ ಮೇ 5ರಂದು ಬಂದ ವುಲ್ಫೆನ್‌ಸ್ಟೈನ್ 3ಡಿ. ಹಿಟ್ಲರನ ಕೋಟೆಯಿಂದ ತಪ್ಪಿಸಿಕೊಳ್ಳುವ ಸೈನಿಕನ ಆಟ. ಅದರ ನಕ್ಷೆ ಚದುರಂಗದ ಹಾಸಿನಂತೆ, ಉದ್ದ 64 ಮನೆ, ಅಗಲ 64 ಮನೆ. ಎಲ್ಲ ಗೋಡೆಗಳೂ ಒಂದೇ ಎತ್ತರ, ಎಲ್ಲ ಮೂಲೆಗಳೂ ನೇರ. ನೆಲ ಮತ್ತು ಸೂರಿಗೆ ಒಂದೊಂದು ಬಣ್ಣ ಬಳಿದು ಮುಗಿಸಿದ. ಪರದೆಯ ಒಂದೊಂದು ಲಂಬ ಸಾಲಿಗೂ ಒಂದು ಗೆರೆ ಎಸೆದು, ಅದು ಎಷ್ಟು ದೂರದಲ್ಲಿ ಗೋಡೆಗೆ ತಾಗಿತು ಎಂದು ನೋಡುವುದು. ಹತ್ತಿರ ತಾಗಿದರೆ ಗೋಡೆ ಉದ್ದ ಬಿಡಿಸು, ದೂರ ತಾಗಿದರೆ ಗಿಡ್ಡ ಬಿಡಿಸು. ಇಷ್ಟೇ. ಸಾಮಾನ್ಯ ಪಿಸಿಯಲ್ಲಿ ಅಷ್ಟು ವೇಗವಾಗಿ ಓಡಿದ ಆಟವನ್ನು ಜನ ಅದುವರೆಗೆ ಕಂಡಿರಲಿಲ್ಲ.

ಮಧ್ಯೆ ಒಂದು ಸಣ್ಣ ವ್ಯವಹಾರ ನಡೆಯಿತು. ಐಡಿ ತಂಡ ಕೆಲವು ತಿಂಗಳು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿತ್ತು. ಆ ಊರಿನಲ್ಲೇ ರೇವನ್ ಎಂಬ ಇನ್ನೊಂದು ಸ್ಟುಡಿಯೋ ಇತ್ತು. ಕಾರ್ಮ್ಯಾಕ್‌ನ ಎಂಜಿನ್ ಪಡೆದು ಅವರು 1993ರಲ್ಲಿ ಶ್ಯಾಡೋಕ್ಯಾಸ್ಟರ್ ಎಂಬ ತಮ್ಮದೇ ಆಟ ತಂದರು. ಆಟ ದೊಡ್ಡ ಹೆಸರು ಮಾಡಲಿಲ್ಲ. ಆದರೆ ಎಂಜಿನ್ ಒಬ್ಬರದು, ಆಟ ಇನ್ನೊಬ್ಬರದು ಎಂಬ ದಾರಿ ತೆರೆದದ್ದು ಇಂಥ ವ್ಯವಹಾರಗಳಿಂದಲೇ.

ಅಷ್ಟರಲ್ಲಿ ಐಡಿ ಟೆಕ್ಸಾಸ್‌ಗೆ ಬಂದು ಡಲ್ಲಾಸ್ ಪಕ್ಕದ ಮೆಸ್ಕೀಟ್‌ನಲ್ಲಿ ಕಚೇರಿ ಹಿಡಿದಿತ್ತು. ಅಲ್ಲಿ ಡೂಮ್ ತಯಾರಾಯಿತು.

ಡೂಮ್‌ನಲ್ಲಿ ಗೋಡೆ ಓರೆಯಾಗಿರಬಹುದು, ನೆಲ ಏರಿಳಿಯಬಹುದು, ಒಂದು ಕೋಣೆ ಕತ್ತಲು, ಪಕ್ಕದ್ದು ಬೆಳಕು. ಚದುರಂಗದ ಹಾಸಿನ ಲೆಕ್ಕ ಇಲ್ಲಿ ನಡೆಯದು. ಯಾವ ಗೋಡೆ ಮುಂದಿದೆ, ಯಾವುದು ಅದರ ಹಿಂದೆ ಮರೆಯಾಗಿದೆ ಎಂದು ಸೆಕೆಂಡಿಗೆ ಹತ್ತಾರು ಸಲ ಲೆಕ್ಕ ಹಾಕಬೇಕು. ಪಿಸಿ ಸುಸ್ತಾಗುತ್ತದೆ.

ಕಾರ್ಮ್ಯಾಕ್ ಸಂಶೋಧನಾ ಪ್ರಬಂಧಗಳನ್ನು ಓದುವವನು. 1980ರಲ್ಲಿ ಫುಕ್ಸ್, ಕೆಡೆಮ್, ನೇಯ್ಲರ್ ಎಂಬ ಮೂವರು ಪ್ರಕಟಿಸಿದ್ದ ಒಂದು ವಿಧಾನವನ್ನು ಎತ್ತಿಕೊಂಡ. ಅದರ ಹೆಸರು ಬಿಎಸ್‌ಪಿ. (ಪಕ್ಷದ ಹೆಸರಲ್ಲ!) ನಮ್ಮ ಕಡೆ ಜಮೀನು ಪೋಡಿ ಮಾಡುವುದನ್ನು ನೋಡಿದವರಿಗೆ ಇದು ಸುಲಭ. ಇಡೀ ಸರ್ವೆ ನಂಬರನ್ನು ಒಂದು ಗೆರೆ ಎಳೆದು ಎರಡು ಮಾಡಿ. ಒಂದೊಂದು ಭಾಗವನ್ನೂ ಮತ್ತೆ ಎರಡು ಮಾಡಿ. ತುಂಡು ಮಾಡುತ್ತಾ ಹೋಗಿ, ಪ್ರತಿ ಗೆರೆಯ ಆಚೆ ಯಾವುದು, ಈಚೆ ಯಾವುದು ಅಂತ ಬರೆದಿಡಿ. ಈಗ ಆಟಗಾರ ಎಲ್ಲಿ ನಿಂತರೂ ಒಂದೇ ಪ್ರಶ್ನೆ: ಈ ಗೆರೆಯ ಯಾವ ಕಡೆ ಇದ್ದೀಯ? ನೀನಿರುವ ಕಡೆಯದು ಮೊದಲು, ಆಚೆಯದು ಆಮೇಲೆ. ಮೊದಲ ಗೆರೆಗೆ ಕೇಳು, ಎರಡನೆಯದಕ್ಕೆ ಕೇಳು, ಹೀಗೆ ಹತ್ತಿರದ ಗೋಡೆಯಿಂದ ದೂರದ ಗೋಡೆಯವರೆಗೆ ಸಾಲು ತಾನಾಗಿ ಸಿಗುತ್ತದೆ. ಪರದೆ ತುಂಬಿತೋ, ಕೆಲಸ ನಿಲ್ಲಿಸು. ಹಿಂದಿನದು ಹೇಗೂ ಕಾಣುವುದಿಲ್ಲ.

ಪೋಡಿ ಮಾಡುವುದು ನಿಧಾನದ ಕೆಲಸ. ಆದರೆ ಅದನ್ನು ಸ್ಟುಡಿಯೋದಲ್ಲೇ ಒಂದು ಸಲ ಮಾಡಿಟ್ಟರೆ ಸಾಕು, ಆಟಗಾರನ ಪಿಸಿ ಅದನ್ನು ಮಾಡಬೇಕಿಲ್ಲ. ಹೆಂಚಿನ ಚೌಕದ ಜಾಣತನವೇ ಇನ್ನೊಂದು ರೂಪದಲ್ಲಿ.

ಈ ಕೆಲಸಕ್ಕೆ ಅವರು ಬಳಸಿದ್ದು ನೆಕ್ಸ್ಟ್ ಕಂಪ್ಯೂಟರ್. ಆಪಲ್‌ನಿಂದ ಹೊರಬಿದ್ದ ಸ್ಟೀವ್ ಜಾಬ್ಸ್ ಕಟ್ಟಿದ ಕಂಪನಿಯ ದುಬಾರಿ ಯಂತ್ರ. ಅದರಲ್ಲಿ ಡೂಮ್‌ಎಡ್ ಎಂಬ ನಕ್ಷೆ ಬಿಡಿಸುವ ಸಾಧನವನ್ನು ತಾವೇ ಬರೆದುಕೊಂಡರು. ರೊಮೇರೊ ಒಂದು ಗೆರೆ ಎಳೆದು, ಕೋಣೆ ಮಾಡಿ, ದೀಪ ಹಚ್ಚಿ, ಕೂಡಲೇ ಒಳಗೆ ಓಡಾಡಿ ನೋಡಬಹುದಿತ್ತು. ಒಳ್ಳೆಯ ಆಟ ಬೇಕಾದರೆ ಮೊದಲು ಆಟ ಮಾಡುವವರಿಗೆ ಒಳ್ಳೆಯ ಸಲಕರಣೆ ಬೇಕು. ಸ್ಟುಡಿಯೋಗಳ ಚರಿತ್ರೆಯಲ್ಲಿ ಈ ಭಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಆಟಗಾರ ಅದನ್ನು ನೋಡುವುದೇ ಇಲ್ಲ.

ಚಿತ್ರಗಳ ಕೆಲಸ ಮಾತ್ರ ನಮ್ಮ ನಾಟಕ ಕಂಪನಿಯ ಹಾಗಿತ್ತು. ಏಡ್ರಿಯನ್ ಕೆಲವು ರಾಕ್ಷಸರನ್ನು ಜೇಡಿಮಣ್ಣಿನಲ್ಲಿ ಮಾಡಿ, ಸುತ್ತಲೂ ತಿರುಗಿಸಿ ಕ್ಯಾಮೆರಾದಲ್ಲಿ ಸೆರೆಹಿಡಿದ. ಎಂಟು ದಿಕ್ಕಿನಿಂದ ಎಂಟು ನೋಟ. ಬಂದೂಕುಗಳು ಅಂಗಡಿಯಲ್ಲಿ ಸಿಗುವ ಮಕ್ಕಳ ಆಟಿಕೆ ಬಂದೂಕುಗಳ ಫೋಟೋ. ಮರ ಕೊಯ್ಯುವ ಗರಗಸ ಯಂತ್ರ ಯಾರಿಂದಲೋ ಎರವಲು ತಂದದ್ದು.

ಜಗಳವೂ ಇಲ್ಲೇ ಶುರುವಾಯಿತು. ಟಾಮ್ ಹಾಲ್ ಡೂಮ್‌ಗಾಗಿ ಪಾತ್ರಗಳು, ಸ್ಥಳಗಳು, ತಿರುವುಗಳು ಇರುವ ದೊಡ್ಡ ಕಥೆಯ ಕಡತ ಬರೆದಿದ್ದ. ಕಾರ್ಮ್ಯಾಕ್‌ಗೆ ಇಂಥ ಆಟದಲ್ಲಿ ಕಥೆ ಮುಖ್ಯ ಅನಿಸಲೇ ಇಲ್ಲ. ಎಂಜಿನ್ ಮುಂದೆ ಹೋದಂತೆ ಕಥೆ ಹಿಂದೆ ಬಿತ್ತು, 1993ರ ಆಗಸ್ಟ್‌ನಲ್ಲಿ ಹಾಲ್ ಕಂಪನಿಯಿಂದ ಹೊರಹೋಗಬೇಕಾಯಿತು. ಕಮಾಂಡರ್ ಕೀನ್ ಹುಡುಗನನ್ನು ಕಲ್ಪಿಸಿದವನು ಅವನೇ. ಆ ಆಟದ ದುಡ್ಡಿನಿಂದಲೇ ಕಂಪನಿ ನಿಂತದ್ದು. ಬಿಡುಗಡೆಗೆ ಕೆಲವೇ ವಾರ ಇರುವಾಗ ಸ್ಯಾಂಡಿ ಪೀಟರ್ಸನ್ ಬಂದು, ಹಾಲ್ ಅರ್ಧಕ್ಕೆ ಬಿಟ್ಟ ನಕ್ಷೆಗಳನ್ನೂ ಹೊಸ ನಕ್ಷೆಗಳನ್ನೂ ಮುಗಿಸಿಕೊಟ್ಟ.

1993ರ ಡಿಸೆಂಬರ್ 10. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಒಂದು ಸರ್ವರ್‌ಗೆ ಡೂಮ್ ಏರಿಸಬೇಕಿತ್ತು. ಕಾದು ಕೂತ ಜನರಿಂದ ಸರ್ವರ್ ಎಷ್ಟು ತುಂಬಿತ್ತೆಂದರೆ ಆಟ ಏರಿಸಬೇಕಾದ ಐಡಿಯವರಿಗೇ ಒಳಗೆ ಜಾಗ ಸಿಗಲಿಲ್ಲ. ಕಡೆಗೆ ಅಲ್ಲಿನ ನಿರ್ವಾಹಕರು ದಾರಿ ಮಾಡಿಕೊಡಬೇಕಾಯಿತು. ಮೊದಲ ಭಾಗ ಪುಕ್ಕಟೆ, ಉಳಿದದ್ದಕ್ಕೆ ದುಡ್ಡು. ಕಚೇರಿ, ಕಾಲೇಜುಗಳ ನೆಟ್‌ವರ್ಕ್ ಡೂಮ್‌ನಿಂದ ಕಟ್ಟಿಕೊಂಡು, ಕೆಲಸದ ಹೊತ್ತಿನಲ್ಲಿ ಆಡಬಾರದೆಂದು ನೋಟಿಸ್‌ಗಳು ಬಿದ್ದವು.

ನನ್ನ ಮಟ್ಟಿಗೆ ಡೂಮ್‌ನಲ್ಲಿ ದೊಡ್ಡ ನಿರ್ಧಾರ ಚಿತ್ರಕ್ಕೆ ಸಂಬಂಧಿಸಿದ್ದಲ್ಲ, ಕಡತಕ್ಕೆ ಸಂಬಂಧಿಸಿದ್ದು. ವುಲ್ಫೆನ್‌ಸ್ಟೈನ್ ಆಡಿದ ಕೆಲವರು ಅದರ ಒಳಗೆ ಕೈಹಾಕಿ, ಚಿತ್ರ ಬದಲಿಸಿ, ತಮ್ಮ ಆಟ ಮಾಡಿಕೊಂಡಿದ್ದರು. ಬೇರೆ ಕಂಪನಿಯಾಗಿದ್ದರೆ ಬೀಗ ಹಾಕುತ್ತಿತ್ತು. ಕಾರ್ಮ್ಯಾಕ್ ಬಾಗಿಲು ತೆಗೆದ. ಡೂಮ್‌ನ ಎಂಜಿನ್ ಒಂದು ಫೈಲ್, ನಕ್ಷೆ, ಚಿತ್ರ, ಸದ್ದು ಎಲ್ಲ ವ್ಯಾಡ್ ಎಂಬ ಇನ್ನೊಂದು ಫೈಲ್. ವ್ಯಾಡ್ ಬದಲಿಸಿದರೆ ಆಟವೇ ಬದಲು. ನಮ್ಮ ಸರಕು ಜನರ ಕೈಗೆ ಹೋಗುತ್ತದೆ ಅಂತ ಕಂಪನಿಯೊಳಗೇ ಕೆಲವರಿಗೆ ಇದು ಹಿಡಿಸಲಿಲ್ಲ. ಆದರೆ 1994ರಲ್ಲೇ ಆಟಗಾರರು ತಾವೇ ಎಡಿಟರ್ ಬರೆದು ನಕ್ಷೆ ಮಾಡತೊಡಗಿದರು. ಅಂಥ ಅಭಿಮಾನಿಗಳ ಒಂದು ಗುಂಪು ಪುಕ್ಕಟೆ ಹಂಚಲು ಹೊರಟಿದ್ದ ನಕ್ಷೆಗಳನ್ನು ಐಡಿಯೇ ಕೊಂಡು 1996ರಲ್ಲಿ ಫೈನಲ್ ಡೂಮ್ ಎಂದು ಮಾರಿತು. ರೇವನ್‌ನವರು ಅದೇ ಎಂಜಿನ್ ಮೇಲೆ ಮಂತ್ರವಾದಿಗಳ ಆಟ ಮಾಡಿದರು, ಹೆರೆಟಿಕ್.

ಮುಂದಿನದು ಕ್ವೇಕ್. ಡೂಮ್‌ನಲ್ಲಿ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇಡಲು ಆಗುತ್ತಿರಲಿಲ್ಲ, ರಾಕ್ಷಸರು ಫೋಟೋದಂತೆ ಚಪ್ಪಟೆ. ಕ್ವೇಕ್‌ನಲ್ಲಿ ಎಲ್ಲವೂ ನಿಜವಾದ ಮೂರು ಆಯಾಮ. ಮೈಕ್ರೋಸಾಫ್ಟ್ ಬಿಟ್ಟು ಬಂದ ಮೈಕೆಲ್ ಅಬ್ರಾಶ್ ಜೊತೆಯಾದ. ಎಂಜಿನ್ ತಯಾರಾಗಲು ತಿಂಗಳ ಮೇಲೆ ತಿಂಗಳು ಹಿಡಿಯಿತು. ಎಂಜಿನ್ ಸಿದ್ಧವಿಲ್ಲದೆ ನಕ್ಷೆ ಮಾಡುವವರು ಏನು ಮಾಡಬೇಕು? ಇಂದು ಮಾಡಿದ್ದು ನಾಳೆ ಕೆಲಸಕ್ಕೆ ಬಾರದು. ರೊಮೇರೊಗೆ ಹೊಸ ರೀತಿಯ ಆಟ ಬೇಕಿತ್ತು, ದಣಿದ ತಂಡ ಡೂಮ್ ಮಾದರಿಯ ಗುಂಡಿನ ಆಟವೇ ಸಾಕು ಎಂದಿತು. 1996ರ ಜೂನ್ 22ರಂದು ಕ್ವೇಕ್ ಬಂತು, ಆಗಸ್ಟ್‌ನಲ್ಲಿ ರೊಮೇರೊ ಹೊರಗೆ. ಇಬ್ಬರು ಜಾನ್‌ಗಳಲ್ಲಿ ಯಾರು ಸರಿ ಅಂತ ಆಟಗಾರರು ಇನ್ನೂ ವಾದ ಮಾಡುತ್ತಾರೆ. ನನಗೆ ಕಾಣುವುದು ಇಷ್ಟು: ಆಟ ಕಲ್ಪಿಸುವವರ ಕೆಲಸ ಎಂಜಿನ್ ಬರೆಯುವವನಿಗಾಗಿ ಕಾಯುವ ಕೆಲಸವಾದಾಗ ಆ ಮನೆಯಲ್ಲಿ ಜಗಳ ತಪ್ಪದು.

ಕ್ವೇಕ್‌ನಿಂದ ಬಂದ ಒಂದು ವಿಷಯ ಇವತ್ತು ನಿಮ್ಮ ಫೋನಿನವರೆಗೂ ತಲುಪಿದೆ. ಐಡಿ ಕಚೇರಿಯಲ್ಲಿ ಇಂಟರ್ನೆಟ್ ವೇಗವಾಗಿತ್ತು, ಅಲ್ಲಿ ಆಡಿದರೆ ಚೆನ್ನ. ಮನೆಯಲ್ಲಿ ಟೆಲಿಫೋನ್ ಲೈನಿನ ಮೋಡೆಮ್ ಇಟ್ಟುಕೊಂಡವರ ಪಾಡು ಬೇರೆ. ಮುಂದೆ ಹೋಗು ಎಂದು ಗುಂಡಿ ಒತ್ತಿದರೆ ಆ ಸುದ್ದಿ ಸರ್ವರ್‌ಗೆ ಹೋಗಿ, ಅಲ್ಲಿಂದ ಉತ್ತರ ಬಂದ ಮೇಲೆ ಹೆಜ್ಜೆ. ಅರ್ಧ ಸೆಕೆಂಡ್ ತಡವಾದರೂ ಸತ್ತಂತೆ. ಮೋಡೆಮ್ ಆಟಗಾರರ ಕಷ್ಟವನ್ನು ತಾನು ಸರಿಯಾಗಿ ಅಂದಾಜು ಮಾಡಿರಲಿಲ್ಲ ಎಂದು ಕಾರ್ಮ್ಯಾಕ್ ಬಹಿರಂಗವಾಗಿಯೇ ಬರೆದ, 1996ರ ಡಿಸೆಂಬರ್‌ನಲ್ಲಿ ಕ್ವೇಕ್‌ವರ್ಲ್ಡ್ ಎಂಬ ತಿದ್ದಿದ ಆವೃತ್ತಿ ಕೊಟ್ಟ. ಅದರಲ್ಲಿ ಆಟಗಾರನ ಯಂತ್ರ ಸರ್ವರ್‌ನ ಉತ್ತರಕ್ಕೆ ಕಾಯದೆ ತಕ್ಷಣ ಹೆಜ್ಜೆ ಇಟ್ಟುಬಿಡುತ್ತದೆ, ಲೆಕ್ಕ ತಪ್ಪಿದ್ದರೆ ಉತ್ತರ ಬಂದಾಗ ಸರಿಪಡಿಸಿಕೊಳ್ಳುತ್ತದೆ. ನಮ್ಮೂರಲ್ಲಿ ಟವರ್ ಸಿಗ್ನಲ್ ಒಂದು ಕಡ್ಡಿಗೆ ಇಳಿದಾಗ ಆಟದ ಮನುಷ್ಯ ಓಡಿದವನು ಫಟ್ಟನೆ ಹಿಂದಿನ ಜಾಗಕ್ಕೆ ಬಂದು ನಿಲ್ಲುತ್ತಾನಲ್ಲ, ಅದು ಈ ಸರಿಪಡಿಸುವಿಕೆಯೇ.

ಇಷ್ಟು ಹೊತ್ತಿಗೆ ಎಂಜಿನ್ ಮಾರಾಟವೇ ಒಂದು ವ್ಯಾಪಾರವಾಗಿತ್ತು. ಲಕ್ಷಗಟ್ಟಲೆ ಡಾಲರ್ ಕೊಟ್ಟು ಬೇರೆ ಸ್ಟುಡಿಯೋಗಳು ಕ್ವೇಕ್ ಎಂಜಿನ್ ಒಯ್ದವು. ಮೈಕ್ರೋಸಾಫ್ಟ್ ಬಿಟ್ಟ ಇನ್ನಿಬ್ಬರು 1996ರಲ್ಲಿ ವಾಲ್ವ್ ಎಂಬ ಕಂಪನಿ ಕಟ್ಟಿ, ಕ್ವೇಕ್ ಎಂಜಿನ್ ಕೊಂಡು, ಅದನ್ನು ಬಹಳಷ್ಟು ತಿದ್ದಿ, 1998ರಲ್ಲಿ ಹಾಫ್-ಲೈಫ್ ಮಾಡಿದರು. ತಮಾಷೆ ಏನೆಂದರೆ ಟಾಮ್ ಹಾಲ್‌ನಿಂದ ಕಿತ್ತುಕೊಂಡ ಕಥೆ ಈ ಆಟದಲ್ಲಿ ಅದೇ ವಂಶದ ಎಂಜಿನ್ ಮೇಲೆ ಭರ್ಜರಿಯಾಗಿ ಗೆದ್ದಿತು. ಹಾಫ್-ಲೈಫ್ ಮೇಲೆ ಇಬ್ಬರು ಹುಡುಗರು ಕಟ್ಟಿದ್ದು ಕೌಂಟರ್-ಸ್ಟ್ರೈಕ್. ಇದನ್ನು ನನ್ನ ವಯಸ್ಸಿನವರಿಗೆ ಪರಿಚಯ ಮಾಡಿಸಬೇಕಿಲ್ಲ. ತಾಲ್ಲೂಕು ಕೇಂದ್ರದ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಪರದೆ ಎಳೆದು, ಪಕ್ಕದ ಕ್ಯಾಬಿನ್‌ನ ಗೆಳೆಯನನ್ನು ಕೊಂದು, ಆಚೆಯಿಂದ ಅವನು ಬೈಯುವುದನ್ನು ಕೇಳಿ ನಗುತ್ತಿದ್ದ ಆಟ ಅದೇ. 2003ರ ಮೊದಲ ಕಾಲ್ ಆಫ್ ಡ್ಯೂಟಿ ಕೂಡ ಐಡಿಯ ಮೂರನೇ ಕ್ವೇಕ್ ಎಂಜಿನ್ ಮೇಲೆ ನಿಂತಿತ್ತು.

ಹಳೆಯ ಎಂಜಿನ್‌ಗಳನ್ನು ಐಡಿ ಏನು ಮಾಡಿತು? ಕೊಟ್ಟುಬಿಟ್ಟಿತು. 1997ರ ಡಿಸೆಂಬರ್‌ನಲ್ಲಿ ಡೂಮ್‌ನ ಮೂಲ ಕೋಡನ್ನು ಇಂಟರ್ನೆಟ್‌ನಲ್ಲಿ ಇಟ್ಟರು. 1999ರಲ್ಲಿ ಕ್ವೇಕ್‌ನದು, 2005ರಲ್ಲಿ ಮೂರನೇ ಕ್ವೇಕ್‌ನದು. ಮುಟ್ಟಿ, ಬಿಚ್ಚಿ, ತಿದ್ದಿ, ಹಂಚಿ. ಷರತ್ತು ಇಷ್ಟೇ, ತಿದ್ದಿದ್ದನ್ನು ಹಂಚುವುದಾದರೆ ಅದರ ಕೋಡನ್ನೂ ಕೊಡಬೇಕು. ಕ್ಯಾಲ್ಕುಲೇಟರ್, ಪ್ರಿಂಟರ್, ಎಟಿಎಂ, ಯಾವುದರಲ್ಲಿ ಪರದೆ ಇದೆಯೋ ಅದರಲ್ಲೆಲ್ಲ ಡೂಮ್ ಓಡಿಸಿ ನೋಡುವುದು ಈಗ ತಂತ್ರಜ್ಞರ ಒಂದು ಚಟ. ಎಂಜಿನ್ ಬರೆಯುವುದನ್ನು ಒಂದು ತಲೆಮಾರು ಕಲಿತದ್ದು ಈ ಕೋಡ್ ಓದಿ.

ಆದರೆ ಮಾರುವ ವ್ಯಾಪಾರದಲ್ಲಿ ಐಡಿ ಹಿಂದೆ ಬಿತ್ತು. ಎಂಜಿನ್ ಕೊಂಡವರಿಗೆ ಅವರು ಕೊಡುತ್ತಿದ್ದದ್ದು ಕೋಡ್ ಮಾತ್ರ, ಬಳಸುವುದು ಹೇಗೆಂದು ಕೂತು ಹೇಳಿಕೊಡುವ ಆಸಕ್ತಿ ಅವರಿಗಿರಲಿಲ್ಲ. ಟಿಮ್ ಸ್ವೀನಿಯ ಎಪಿಕ್ ಕಂಪನಿ ಅಲ್ಲೇ ಜಾಗ ಹಿಡಿಯಿತು. 1998ರ ಅನ್‌ರಿಯಲ್ ಆಟದ ಜೊತೆಗೇ ಒಳ್ಳೆಯ ಎಡಿಟರ್ ಇತ್ತು, ಕೊಂಡವರಿಗೆ ನೆರವೂ ಇತ್ತು. 2015ರಲ್ಲಿ ಎಪಿಕ್ ಎಂಜಿನ್ ಅನ್ನು ಪುಕ್ಕಟೆ ಮಾಡಿ, ಆಟ ದುಡಿದರೆ ಮಾತ್ರ ಶೇಕಡಾ 5 ಕೊಡಿ ಎಂದಿತು. ನಮ್ಮ ಕಡೆಯ ಕೋರು ಬೇಸಾಯದ ಲೆಕ್ಕ, ಪಾಲು ಮಾತ್ರ ಸಣ್ಣದು. ಐಡಿಯನ್ನು 2009ರಲ್ಲಿ ಜೆನಿಮ್ಯಾಕ್ಸ್ ಕೊಂಡಿತು, ಅಲ್ಲಿಂದ ಅದರ ಎಂಜಿನ್ ಹೊರಗಿನವರಿಗೆ ಸಿಗಲಿಲ್ಲ. ಕಾರ್ಮ್ಯಾಕ್ 2013ರಲ್ಲಿ ಕಂಪನಿ ಬಿಟ್ಟ. 2021ರಲ್ಲಿ ಜೆನಿಮ್ಯಾಕ್ಸ್ ಇಡಿಯಾಗಿ ಮೈಕ್ರೋಸಾಫ್ಟ್ ಪಾಲಾಯಿತು.

ಫ್ರೀ ಫೈರ್ ಒಳಗಿನ ಯೂನಿಟಿಯ ಕಥೆ ಇನ್ನೂ ಸ್ವಾರಸ್ಯ. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಮೂವರು ಹುಡುಗರು ಗೂಬಾಲ್ ಎಂಬ ಆಟ ಮಾಡಿ 2005ರಲ್ಲಿ ಮಾರಿದರು. ಓಡಲಿಲ್ಲ. ಆದರೆ ಆಟ ಮಾಡಲು ಕಟ್ಟಿಕೊಂಡ ಸಲಕರಣೆ ಚೆನ್ನಾಗಿತ್ತು, ಅದನ್ನೇ ಅದೇ ವರ್ಷ ಮಾರಲು ಇಟ್ಟರು. ಸ್ಮಾರ್ಟ್‌ಫೋನ್ ಬಂದಾಗ ಸಣ್ಣ ಸ್ಟುಡಿಯೋಗಳೆಲ್ಲ ಯೂನಿಟಿ ಹಿಡಿದವು.

ಈಗ ಎಂಜಿನ್ ಯಾರದು ಎಂಬ ಪ್ರಶ್ನೆ ಎಷ್ಟು ಬಿಸಿ ಅಂತ ನೋಡಿ. 2023ರ ಸೆಪ್ಟೆಂಬರ್ 12ರಂದು ಯೂನಿಟಿ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ವರ್ಷಕ್ಕೆ 2 ಲಕ್ಷ ಡಾಲರ್ ಆದಾಯ ಮತ್ತು ಒಟ್ಟು 2 ಲಕ್ಷ ಇನ್‌ಸ್ಟಾಲ್ ದಾಟಿದ ಆಟಗಳಿಗೆ, ಆಮೇಲಿನ ಒಂದೊಂದು ಇನ್‌ಸ್ಟಾಲ್‌ಗೂ 20 ಸೆಂಟ್‌ವರೆಗೆ ಶುಲ್ಕ. ಮೊದಲೇ ಮಾಡಿ ಮುಗಿಸಿದ ಆಟಗಳೂ ಇದರಲ್ಲಿ ಸೇರಿದ್ದವು. ಫೋನಿನ ಆಟಗಳನ್ನು ಕೋಟಿಗಟ್ಟಲೆ ಜನ ಪುಕ್ಕಟೆ ಇಳಿಸಿಕೊಳ್ಳುತ್ತಾರೆ, ದುಡ್ಡು ಕೊಡುವವರು ಬೆರಳೆಣಿಕೆ. ಇನ್‌ಸ್ಟಾಲ್ ಲೆಕ್ಕದಲ್ಲಿ ಬಿಲ್ ಬಂದರೆ ದುಡಿದದ್ದಕ್ಕಿಂತ ಸಾಲವೇ ಹೆಚ್ಚು. ಜಗತ್ತಿನಾದ್ಯಂತ ಆಟ ಮಾಡುವವರು ತಿರುಗಿಬಿದ್ದರು. ಷರತ್ತು ಸಡಿಲವಾಯಿತು, ಅಕ್ಟೋಬರ್‌ನಲ್ಲಿ ಮುಖ್ಯಸ್ಥರು ಹೊರಹೋದರು, 2024ರ ಸೆಪ್ಟೆಂಬರ್‌ನಲ್ಲಿ ಶುಲ್ಕವನ್ನೇ ಕೈಬಿಟ್ಟರು. ಟ್ರ್ಯಾಕ್ಟರ್ ಬಾಡಿಗೆಯವನು ಬಿತ್ತನೆ ಮುಗಿದ ಮೇಲೆ ದರ ಬದಲಿಸಿದರೆ ಹೇಗಿರುತ್ತದೆ ಎಂದು ರೈತರಿಗೆ ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನಲ್ಲೂ ಆಟದ ಕೆಲಸ ಹೊಸದಲ್ಲ. ಧ್ರುವ ಇಂಟರಾಕ್ಟಿವ್ 1997ರಲ್ಲೇ ಶುರುವಾಗಿ ವಿದೇಶಿ ಆಟಗಳಿಗೆ ಚಿತ್ರ, ಕಾರು, ಕಟ್ಟಡ ಮಾಡಿಕೊಡುತ್ತಿತ್ತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡಿತು. ಕೈ ನಮ್ಮದು, ಎಂಜಿನ್ ಅವರದು.

ಯಾರಿಗೂ ಸೇರದ ಎಂಜಿನ್ ಇಲ್ಲವೇ ಅಂದರೆ, ಇದೆ. ಅರ್ಜೆಂಟೀನಾದ ಇಬ್ಬರು ತಮ್ಮ ಕೆಲಸಕ್ಕೆಂದು ಬರೆದುಕೊಂಡಿದ್ದ ಗೊಡೊ ಎಂಜಿನ್ ಅನ್ನು 2014ರಲ್ಲಿ ಮೂಲ ಕೋಡ್ ಸಮೇತ ಬಿಟ್ಟುಕೊಟ್ಟರು. ಶುಲ್ಕ ಇಲ್ಲ, ಪಾಲು ಇಲ್ಲ. ಯೂನಿಟಿ ಗಲಾಟೆಯ ಹೊತ್ತಿನಲ್ಲಿ ಅನೇಕರು ಅದರ ಕಡೆ ಹೊರಳಿದರು.

ಕನ್ನಡದವರಿಗೆ ಇದರಲ್ಲಿ ಇನ್ನೊಂದು ಲೆಕ್ಕ ಇದೆ. ಅಕ್ಷರ ಬಿಡಿಸುವುದೂ ಎಂಜಿನ್ ಕೆಲಸವೇ. ಇಂಗ್ಲಿಷ್ ಅಕ್ಷರಗಳನ್ನು ಸಾಲಾಗಿ ಇಟ್ಟರೆ ಮುಗಿಯಿತು. ನಮ್ಮದರಲ್ಲಿ ಒತ್ತು ಕೆಳಗೆ ಹೋಗಬೇಕು, ಗುಣಿತ ಅಂಟಿಕೊಳ್ಳಬೇಕು. ಅದು ಗೊತ್ತಿಲ್ಲದ ಎಂಜಿನ್‌ನಲ್ಲಿ ‘ಅಕ್ಕ’ ಎಂದು ಬರೆದರೆ ‘ಅಕ್‌ಕ’ ಎಂದು ಬರುತ್ತದೆ. ಯೂನಿಟಿಯಲ್ಲಿ ಬಹುಕಾಲ ಎಲ್ಲರೂ ಬಳಸುತ್ತಿದ್ದ ಅಕ್ಷರದ ಸಲಕರಣೆಗೆ ಭಾರತದ ಲಿಪಿಗಳು ಸರಿಯಾಗಿ ಬರುತ್ತಿರಲಿಲ್ಲ. ಗೊಡೊದಲ್ಲೂ ಹಾಗೇ ಇತ್ತು. 2023ರ ಮಾರ್ಚ್‌ನಲ್ಲಿ ಬಂದ ಅದರ 4ನೇ ಆವೃತ್ತಿಯಲ್ಲಿ ಒತ್ತಕ್ಷರ ಜೋಡಿಸುವ ವ್ಯವಸ್ಥೆ ಒಳಗೇ ಸೇರಿತು. ಕನ್ನಡ ಫಾಂಟ್ ಒಂದನ್ನು ಹಾಕಿ ‘ಅಕ್ಕ’ ಎಂದು ಬರೆದರೆ ‘ಅಕ್ಕ’ ಎಂದೇ ಕಾಣುತ್ತದೆ. ಎಂಜಿನ್‌ನ ಎಡಿಟರ್ ಆಂಡ್ರಾಯ್ಡ್‌ನಲ್ಲೂ ನಡೆಯುತ್ತದೆ, ಪ್ಲೇಸ್ಟೋರ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಫೋನಿನ ಪುಟ್ಟ ಪರದೆಯಲ್ಲಿ ಕೈ ಕಟ್ಟಿದಂತಾಗುತ್ತದೆ, ಟ್ಯಾಬ್ ಮತ್ತು ಕೀಬೋರ್ಡ್ ಇದ್ದರೆ ಕೆಲಸ ಸಲೀಸು.